ಬಾಗಿಲು ತೆರೆದ ವೈದ್ಯಪತ್ರಿಕೆ

ವೈದ್ಯಶಾಸ್ತ್ರದ ಸಂಶೋಧನಾ ಪತ್ರಿಕೆಯೊಂದಕ್ಕೆ ಹೇಳಿಕೊಳ್ಳುವಂಥ ಚರಿತ್ರೆಯುಂಟೆ ಎಂದು ಸಾಹಿತ್ಯಪ್ರಿಯರು ಕೇಳಬಹುದು. ಉಂಟು, ಅದರಲ್ಲಿ ನಮ್ಮ ಮಲೆನಾಡಿನ ಕಥೆಯೂ ಸೇರಿಕೊಂಡಿದೆ.

‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಮೊದಲು ಹೊರಬಂದದ್ದು 1913ರ ಜುಲೈ ತಿಂಗಳಲ್ಲಿ. ಅದರ ಪೋಷಕ ಸಂಸ್ಥೆ 1911ರಲ್ಲಿ ಸ್ಥಾಪಿತವಾದ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್. ಸ್ವಾತಂತ್ರ್ಯಾನಂತರ, 1949ರಲ್ಲಿ, ಈ ಸಂಸ್ಥೆಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೆಂಬ ಹೆಸರನ್ನು ತಳೆಯಿತು. ತ್ರೈಮಾಸಿಕವಾಗಿದ್ದ ಪತ್ರಿಕೆ 1958ರಲ್ಲಿ ದ್ವೈಮಾಸಿಕವೂ 1964ರಲ್ಲಿ ಮಾಸಿಕವೂ ಆಯಿತು. ಆಳುವವರು ಬದಲಾದರು, ಪತ್ರಿಕೆ ನಿಲ್ಲಲಿಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ನರಳಿದರು. ಆಫ್ರಿಕದ ಹಳದಿ ಜ್ವರ ನಮ್ಮ ನಾಡನ್ನೂ ಹೊಕ್ಕಿತೋ ಎಂಬ ಶಂಕೆ ಮೂಡಿತು. ಹಳದಿ ಜ್ವರವನ್ನು ಹರಡುವುದು ಸೊಳ್ಳೆ. ಶಂಕೆ ನಿಜವಾಗಿದ್ದರೆ ದೇಶಕ್ಕೇ ಗಂಡಾಂತರ. ಆದರೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ, ಇದು ಬೇರೆಯೇ ವೈರಸ್ಸೆಂದು ಕಂಡುಕೊಂಡರು. ಟ್ರ್ಯಾಪಿಡೊ, ರಾಜಗೋಪಾಲನ್, ವರ್ಕ್, ವರ್ಮ ಇವರು 1959ರಲ್ಲಿ ಇದೇ ಪತ್ರಿಕೆಯಲ್ಲಿ ಬರೆದ ಲೇಖನ, ಆ ವೈರಸ್ಸನ್ನು ಕಾಡಿನ ಉಣುಗುಗಳಿಂದಲೇ ಬೇರ್ಪಡಿಸಿದ ವಿವರವನ್ನು ಲೋಕದ ಮುಂದಿಟ್ಟಿತು. ಸೌದೆಗೆಂದು, ತರಗೆಲೆಗೆಂದು ಕಾಡಿಗೆ ಹೋಗುವವರು ಅಂಜಬೇಕಾದುದು ಯಾವುದಕ್ಕೆ ಎಂಬುದು ಹೀಗೆ ತಿಳಿಯಿತು. ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟು ಹೋಗಿಲ್ಲವಾದುದರಿಂದ ಆ ತಿಳಿವಳಿಕೆ ಹಳತಾಗಿಲ್ಲ.

ಆದರೆ ಇಂಥ ಪತ್ರಿಕೆಗಳು ಬಹುಕಾಲ ದೊಡ್ಡ ಗ್ರಂಥಾಲಯಗಳ ಸೊತ್ತಾಗಿದ್ದವು. ಯಾರ ರಕ್ತವನ್ನು ಪರೀಕ್ಷಿಸಿ ಜ್ಞಾನ ಸಂಪಾದನೆಯಾಯಿತೋ ಅವರೂರಿನ ವೈದ್ಯನಿಗೇ ಅದು ದುರ್ಲಭವಾಗುವುದು ನ್ಯಾಯವೆ? ಸಂಶೋಧನಾ ಬರಹಗಳು ಎಲ್ಲರಿಗೂ ಉಚಿತವಾಗಿ ದೊರೆಯಬೇಕೆಂದು 2002ರ ಬುಡಾಪೆಸ್ಟ್ ಘೋಷಣೆ ಸಾರಿತು. ನಮ್ಮ ಈ ಪತ್ರಿಕೆಯೂ ಓದುಗರಿಂದ ಹಣ ಬೇಡದೆ ಅಂತರ್ಜಾಲದಲ್ಲಿ ತನ್ನ ಬಾಗಿಲನ್ನು ತೆರೆಯಿತು. ಚಿಕ್ಕಲಸಂದ್ರದ ಕೋಣೆಯಲ್ಲಿ ಕುಳಿತ ವಿದ್ಯಾರ್ಥಿಗೂ ಸೊರಬದ ವೈದ್ಯನಿಗೂ ಈಗ ಅದೇ ಪುಟ, ಅದೇ ದಿನ.

ಇಷ್ಟಾದರೂ ಬಾಗಿಲಿನಾಚೆ ಇನ್ನೊಂದು ಹೊಸ್ತಿಲಿದೆ, ಅದು ಭಾಷೆಯದು. ಪತ್ರಿಕೆ ಇಂಗ್ಲಿಷಿನದು, ಉಣುಗು ಕಚ್ಚುವುದು ಕನ್ನಡ ಮಾತ್ರ ಬಲ್ಲ ಕೂಲಿಕಾರನನ್ನು. ಅಲ್ಲಿಯ ತಿಳಿವನ್ನು ತಿಳಿಗನ್ನಡದಲ್ಲಿ ಇವನ ಮನೆಗೆ ಮುಟ್ಟಿಸುವ ಹೊಣೆ ನಮ್ಮ ಅಧ್ಯಾಪಕರದು, ಬರಹಗಾರರದು. ಸಂಶೋಧಕರು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದಾರೆ. ಉಳಿದುದು ನಮ್ಮ ಪಾಲಿನದು.