ದೋಷ ಬಾಲದಲ್ಲಿರಲಿಲ್ಲ, ಕಾಲಿನಲ್ಲಿತ್ತು

ಆಶ್‌ಕಾಶ್‌ನ ವಿಮಾನ ಜಾತ್ರೆಯಲ್ಲಿ ಜನರೆಲ್ಲ ಯುದ್ಧವಿಮಾನಗಳತ್ತ ಓಡುತ್ತಿದ್ದರೆ ನಾನು ಎರಡು ಸೀಟಿನ ಪುಟ್ಟ ಆರ್‌ವಿ-7ರ ಪಕ್ಕ ನಿಂತುಬಿಟ್ಟೆ. ಕಿಟ್ ತರಿಸಿ ಗ್ಯಾರೇಜಿನಲ್ಲಿ ಅದನ್ನು ಕಟ್ಟಿದವರು ನಿವೃತ್ತ ಮೇಷ್ಟ್ರು. ಇಂಥವರ ಸಂಘ ಇಎಎಯನ್ನು 1953ರಲ್ಲಿ ಪಾಲ್ ಪೊಬೆರೆಜ್ನಿ ಶುರುಮಾಡಿದರು. ಜಾತ್ರೆ ವಿಸ್ಕಾನ್ಸಿನ್‌ನ ಈ ಊರಿಗೆ ಬಂದದ್ದು 1970ರಲ್ಲಿ. ಮಿಕ್ಕ ಚರಿತ್ರೆ ಹಾಗಿರಲಿ, ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಷ್ಟ್ರ ಫಜೀತಿ.

ವಿಮಾನವೇನೋ ಚೆನ್ನಾಗಿ ಹಾರುತ್ತಿತ್ತು. ಆದರೆ ಸಮತಟ್ಟಾಗಿ ಹೋಗುವಾಗಲೂ ಮೂತಿ ಎಡಕ್ಕೇ ಎಳೆಯುತ್ತಿತ್ತು, ಬಲಗಾಲು ರಡ್ಡರ್ ಪೆಡಲ್ ಬಿಡುವಂತಿರಲಿಲ್ಲ. ಪ್ರೊಪೆಲ್ಲರ್‌ನ ಕೆಲಸ ಅಂದರು ಎಲ್ಲರೂ. ಲೈಕಮಿಂಗ್ ಎಂಜಿನ್ನು ಪೈಲಟ್ ಸೀಟಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಸುತ್ತಿಕೊಂಡು ಬರುವ ಗಾಳಿ ಬಾಲದ ಎಡಗೆನ್ನೆಗೆ ಬಡಿದು ಮೂತಿಯನ್ನು ಎಡಕ್ಕೆ ತಿರುಗಿಸುತ್ತದೆ. ಮೇಷ್ಟ್ರು ನಂಬಲಿಲ್ಲ. ಎತ್ತರದಲ್ಲಿ ಥ್ರಾಟಲ್ ತಗ್ಗಿಸಿ, ವೇಗ ಬದಲಾಗದಂತೆ ಇಳಿದು ನೋಡಿದರು. ಎಂಜಿನ್ನಿನ ಜೋರು ಹೋದರೂ ಎಳೆತ ಹೋಗಲಿಲ್ಲ.

ಮುಂದಿನ ಗುಮಾನಿ, ವಿಮಾನ ಓರೆಯಾಗಿ ಜಾರುವುದನ್ನು ತೋರಿಸುವ ಪ್ಯಾನಲ್ಲಿನ ಬಾಗಿದ ಗಾಜಿನ ನಳಿಕೆಯ ಮೇಲೆ. ಅದರೊಳಗಿನ ಗುಂಡು ಬಲಕ್ಕೆ ಸರಿದೇ ಇತ್ತು. ನಳಿಕೆಯನ್ನೇ ಸೊಟ್ಟ ಕೂರಿಸಿದ್ದರೆ? ರಸಮಟ್ಟ ಇಟ್ಟು, ರೆಕ್ಕೆಗಳನ್ನು ಮಟ್ಟಮಾಡಿ ನೋಡಿದರೆ ಗುಂಡು ನಟ್ಟನಡುವೆ.

ಆಮೇಲೆ, ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ನೋಡಲು, ಮೂತಿಯ ಮೇಲೆ ಕೆಂಪು ಉಣ್ಣೆಯ ದಾರ ಅಂಟಿಸಿದರಂತೆ. ನನಗೆ ಈ ದಾರದ ಮೇಲೆ ವಿಪರೀತ ಪ್ರೀತಿ. ರೈಟ್ ಸಹೋದರರು ಕಟ್ಟಿದ್ದು ಇದನ್ನೇ, ಗ್ಲೈಡರ್‌ಗಳಲ್ಲಿ ಇಂದಿಗೂ ಇರುವುದು ಇದೇ. ಯು-2 ಬೇಹುಗಾರಿಕೆ ವಿಮಾನದ ಗಾಜಿನ ಮುಂದೆಯೂ ಇದೆ. ದಾರದ ಬಾಲ ಹೋದ ಕಡೆಗೆ ಎದುರಿನ ಪೆಡಲ್ ಒತ್ತಿದರಾಯಿತು. ಆದರೆ ಮೇಷ್ಟ್ರ ದಾರ ಗುಂಡಿನೊಂದಿಗೆ ಜಗಳಕ್ಕಿಳಿಯಿತು. ಕಾರಣ ಸರಳ: ರೈಟ್‌ಗಳ ಪ್ರೊಪೆಲ್ಲರ್ ಹಿಂದಿತ್ತು, ಯು-2ಗೆ ಪ್ರೊಪೆಲ್ಲರೇ ಇಲ್ಲ. ಆರ್‌ವಿಯಲ್ಲಿ ದಾರದ ಮುಂದೆಯೇ ಪ್ರೊಪೆಲ್ಲರ್ ಗಾಳಿಯನ್ನು ಕಡೆಯುತ್ತಿರುತ್ತದೆ. ದಾರಕ್ಕೆ ಪಾಪ, ಗೊತ್ತಾಗುವುದು ಆ ಸುಳಿ ಮಾತ್ರ.

ಕೊನೆಗೂ ಕಳ್ಳ ಸಿಕ್ಕಿದ್ದು ದಾರಕ್ಕೇ, ಆದರೆ ಶೆಡ್ಡಿನೊಳಗೆ. ಚಕ್ರದ ಕಾಲುಗಳಿಗೆ ತೊಡಿಸುವ ಫೈಬರ್ ಹೊದಿಕೆ ಗಾಳಿ ಸೀಳುವಂತೆ ಮುಂದೆ ದುಂಡಗೆ, ಹಿಂದೆ ಚೂಪಾಗಿರುತ್ತದೆ. ವಿಮಾನವನ್ನು ಜಾಕಿ ಮೇಲೆತ್ತಿ, ಮೂತಿ–ಬಾಲಗಳಿಂದ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ನಡುಗೆರೆ ಹೊಡೆದರು. ಹೊದಿಕೆಗೆ ದಾರ ಸುತ್ತಿ ಎರಡೂ ತುದಿಗಳನ್ನು ಹಿಂದಕ್ಕೆಳೆದು ಕೂಡಿಸಿದರೆ, ಹೊದಿಕೆಯ ಹಿಂದಿನ ಅಂಚಿನಿಂದ ದಾರ ಕೂಡಿದ ಜಾಗಕ್ಕೆ ಹೋಗುವ ಗೆರೆ ನಡುಗೆರೆಗೆ ಸಮಾನಾಂತರವಾಗಿರಬೇಕು. ಎಡಗಾಲಿನ ಹೊದಿಕೆಯ ಹಿಂದಿನ ಅಂಚು ಬಲಕ್ಕೆ ವಾಲಿತ್ತು. ಗುರುತ್ವಕೇಂದ್ರದ ಮುಂದೆಯೇ ಬೇಡದ ಒಂದು ರಡ್ಡರ್! ಹೊದಿಕೆಗಳನ್ನು ಬಿಚ್ಚಿ ಹಾರಿದಾಗ ಗುಂಡು ನಡುವೆ ಬಂತು. ನೇರಮಾಡಿ ತೊಡಿಸಿದ ಮೇಲೂ ಅಲ್ಲೇ ನಿಂತಿತು.

ರಡ್ಡರಿನ ಅಂಚಿಗೆ ಮರದ ಬೆಣೆ ಅಂಟಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಸಣ್ಣಪುಟ್ಟ ಎಳೆತಕ್ಕೆ ಅದು ಸಾಕು, ಕಾರಣ ಹುಡುಕಿದ ಮೇಲೆ. ನಿನ್ನೆಯವರೆಗೆ ನೇರ ಹೋಗುತ್ತಿದ್ದ ವಿಮಾನ ಇವತ್ತು ಇದ್ದಕ್ಕಿದ್ದಂತೆ ತಿರುಗತೊಡಗಿದರೆ ಮಾತ್ರ ಬೆಣೆಯ ಯೋಚನೆಯೇ ಬೇಡ: ಇಳಿಯಿರಿ, ರಡ್ಡರಿನ ಕೀಲು, ಕೇಬಲ್ಲುಗಳನ್ನು ಪರೀಕ್ಷಿಸದೆ ಮತ್ತೆ ಏರಬೇಡಿ.