ಕೆಡವಿದ ಸೆಟ್ಟುಗಳ ಕಾಗದಪತ್ರ

ಸಿನಿಮಾ ಸೆಟ್ಟಿಗೆ ಆಯಸ್ಸು ಕಡಿಮೆ. ಚಿತ್ರೀಕರಣ ಮುಗಿಯುತ್ತಲೇ ಅದನ್ನು ಒಡೆದು ಮುಂದಿನ ಚಿತ್ರಕ್ಕೆ ಜಾಗ ಮಾಡುತ್ತಾರೆ. ಹಾಗಾಗಿ ಪ್ರೊಡಕ್ಷನ್ ಡಿಸೈನರ್ ಒಬ್ಬರ ಕೆಲಸವನ್ನು ಮ್ಯೂಸಿಯಂನಲ್ಲಿ ತೋರಿಸಹೊರಟರೆ ಕೈಗೆ ಸಿಗುವುದು ಬಹುಪಾಲು ಕಾಗದವೇ: ಸ್ಕೆಚ್ಚು, ನಕ್ಷೆ, ಫೋಟೊ. ಬರ್ಲಿನ್ನಿನ ಸಿನಿಮಾ ಮ್ಯೂಸಿಯಂ ಡಾಯ್ಚ ಕಿನೆಮಾಟೆಕ್ 2014ರ ಡಿಸೆಂಬರಿನಿಂದ 2015ರ ಮೇ ತನಕ ಪ್ರೊಡಕ್ಷನ್ ಡಿಸೈನರ್ ಕೆನ್ ಆಡಮ್ ಅವರ ಕೆಲಸದ ಬಗ್ಗೆ ನಡೆಸಿದ ಪ್ರದರ್ಶನ ನಿಂತದ್ದು ಇಂಥ ಕಾಗದಗಳ ಮೇಲೆ. 2012ರಲ್ಲಿ ಆಡಮ್ ತಮ್ಮ ಸಂಗ್ರಹವನ್ನು ಈ ಸಂಸ್ಥೆಗೆ ಒಪ್ಪಿಸಿದ್ದರು. ಅದರಲ್ಲಿ ರೇಖಾಚಿತ್ರಗಳೇ ಸುಮಾರು 4,000.

ಕಥೆ ನಡೆಯುವ ಜಾಗಗಳು ಹೇಗಿರಬೇಕು, ಯಾವ ಬಣ್ಣ, ಎಷ್ಟು ಎತ್ತರ, ಬೆಳಕು ಎತ್ತಲಿಂದ ಎಂಬುದನ್ನೆಲ್ಲ ಒಟ್ಟಾಗಿ ಯೋಚಿಸುವುದು ಪ್ರೊಡಕ್ಷನ್ ಡಿಸೈನರ್ ಕೆಲಸ. ಈ ಹೆಸರು ಮೊದಲು ಸಂದದ್ದು 1939ರ ‘ಗಾನ್ ವಿತ್ ದ ವಿಂಡ್’ ಚಿತ್ರದ ವಿಲಿಯಂ ಕ್ಯಾಮರಾನ್ ಮೆನ್ಜೀಸ್‌ಗೆ. ಮುಂದೆ ಆಡಮ್ ಈ ಮೆನ್ಜೀಸ್ ಜೊತೆಗೂ ಕೆಲಸ ಮಾಡಿ ಕಲಿತರು.

ಆಡಮ್ ಹುಟ್ಟಿದ್ದು ಬರ್ಲಿನ್ನಿನಲ್ಲೇ, 1921ರಲ್ಲಿ. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಅವರ ಯಹೂದಿ ಕುಟುಂಬ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ವಾಸ್ತುಶಿಲ್ಪ ಓದಿದ ಹುಡುಗ ಯುದ್ಧ ಬಂದಾಗ ಬ್ರಿಟಿಷ್ ವಾಯುಪಡೆಯ ಪೈಲಟ್ ಆದ. ಅವರ ಸಂಗ್ರಹ ಕೊನೆಗೆ ಸೇರಿದ್ದು ಅವರನ್ನು ಓಡಿಸಿದ ಊರಿಗೇ.

ಅವರ ಸ್ಕೆಚ್ಚುಗಳಲ್ಲಿ ವಾಸ್ತುಶಿಲ್ಪಿಯ ಅಚ್ಚುಕಟ್ಟುತನವನ್ನು ಹುಡುಕಿದರೆ ನಿರಾಸೆಯಾದೀತು. ದಪ್ಪ ಫೆಲ್ಟ್ ಪೆನ್ನು ಹಿಡಿದ ಮೇಲೆ ಗೆರೆ ಬಿರುಸಾಯಿತು, ನೆರಳು ಕಪ್ಪಾಯಿತು. ಅಳತೆ ಆಮೇಲಿನ ಮಾತು; ಮೊದಲು ಬರುವುದು ಬೆಳಕಿನ ದಿಕ್ಕು.

ಇದಕ್ಕೆ ಒಳ್ಳೆಯ ಸಾಕ್ಷಿ ಕುಬ್ರಿಕ್ ನಿರ್ದೇಶನದ ‘ಡಾಕ್ಟರ್ ಸ್ಟ್ರೇಂಜ್‌ಲವ್’ (1964) ಚಿತ್ರದ ವಾರ್ ರೂಮ್, ಅಂದರೆ ಯುದ್ಧದ ತೀರ್ಮಾನಗಳ ಕೋಣೆ. ಆಡಮ್ ಮೊದಲು ಬರೆದದ್ದು ಎರಡು ಅಂತಸ್ತಿನ ಕೋಣೆ. ಒಪ್ಪಿದ್ದ ಕುಬ್ರಿಕ್ ಆಮೇಲೆ ಬೇಡವೆಂದರು. ಮತ್ತೆ ಹುಟ್ಟಿದ್ದು ವಾಲಿದ ಗೋಡೆಗಳ ತ್ರಿಕೋನಾಕಾರದ ಕೋಣೆ, ನಡುವೆ ದೊಡ್ಡ ದುಂಡುಮೇಜು, ಅದರ ಮೇಲೆ ಬಳೆಯಂತೆ ತೂಗುವ ದೀಪಗಳು. ಚಿತ್ರ ಕಪ್ಪು–ಬಿಳುಪಿನದಾದರೂ ಮೇಜಿಗೆ ಹಸಿರು ಬಟ್ಟೆಯೇ ಬೇಕೆಂದು ಕುಬ್ರಿಕ್ ಹಟ ಹಿಡಿದರು. ಜಗತ್ತಿನ ಹಣೆಬರಹ ನಿರ್ಧರಿಸುವವರು ತಾವು ಇಸ್ಪೀಟು ಆಡುತ್ತಿದ್ದೇವೆ ಅಂದುಕೊಳ್ಳಬೇಕು, ನೋಡುವವರಿಗೆ ಹಸಿರು ಕಾಣದಿದ್ದರೂ ಸರಿ!

ಅದೇ ವರ್ಷದ ಬಾಂಡ್ ಚಿತ್ರ ‘ಗೋಲ್ಡ್‌ಫಿಂಗರ್’ನಲ್ಲಿ ಅಮೆರಿಕದ ಚಿನ್ನದ ಭಂಡಾರ ಫೋರ್ಟ್ ನಾಕ್ಸ್ ಬರುತ್ತದೆ. ಒಳಗೆ ಕಾಲಿಡಲು ಚಿತ್ರತಂಡಕ್ಕೆ ಅನುಮತಿ ಸಿಗಲಿಲ್ಲ. ಆಡಮ್ ಇದನ್ನು ಅನುಕೂಲವೆಂದೇ ಬಗೆದು, ಸರಳುಗಳ ಹಿಂದೆ ಚಿನ್ನದ ಗಟ್ಟಿಗಳನ್ನು ಮುಗಿಲೆತ್ತರ ಪೇರಿಸಿದರು. ನಿಜವಾದ ಚಿನ್ನವನ್ನು ಅಷ್ಟೆತ್ತರ ಯಾರೂ ಪೇರಿಸುವುದಿಲ್ಲ, ಅದರ ಭಾರವೇ ಬಿಡದು. ಪ್ರೇಕ್ಷಕರು ಮಾತ್ರ ನಂಬಿದರು. ಭಂಡಾರವೆಂದರೆ ಹೀಗೇ ಇರಬೇಕೆಂದು ಅವರ ಮನಸ್ಸಿನಲ್ಲಿ ಮೊದಲೇ ಇತ್ತು. ‘ಯೂ ಓನ್ಲಿ ಲಿವ್ ಟ್ವೈಸ್’ (1967) ಎಂಬ ಇನ್ನೊಂದು ಬಾಂಡ್ ಚಿತ್ರಕ್ಕೆ ಆಡಮ್ ಪೈನ್‌ವುಡ್ ಸ್ಟುಡಿಯೊದಲ್ಲಿ ಜ್ವಾಲಾಮುಖಿಯ ಒಡಲನ್ನೇ ಕಟ್ಟಿಸಿದರು. ಆ ಒಂದು ಸೆಟ್ಟಿಗೆ ಬಿದ್ದ ಖರ್ಚು ಸುಮಾರು 10 ಲಕ್ಷ ಡಾಲರ್. ಐದು ವರ್ಷ ಹಿಂದಿನ ‘ಡಾಕ್ಟರ್ ನೋ’ ಎಂಬ ಬಾಂಡ್ ಚಿತ್ರಕ್ಕೆ ಪೂರ್ತಿಯಾಗಿ ತಗುಲಿದ್ದೂ ಹೆಚ್ಚುಕಡಿಮೆ ಅಷ್ಟೇ.

ಆಡಮ್‌ಗೆ ಎರಡು ಆಸ್ಕರ್ ಬಂದವು, ಬಾಂಡ್ ಚಿತ್ರಗಳಿಗಲ್ಲ. ಅವುಗಳಲ್ಲೊಂದು 1975ರ ‘ಬ್ಯಾರಿ ಲಿಂಡನ್’ಗೆ. ಸ್ಟುಡಿಯೊ ಸೆಟ್ಟು ಬೇಡವೆಂದ ಕುಬ್ರಿಕ್ ಅದನ್ನು ಹಳೆಯ ಬಂಗಲೆ, ಅರಮನೆಗಳಲ್ಲೇ ಚಿತ್ರೀಕರಿಸಿದ್ದರು.