ಪಾರ್ಶ್ವವಾಯುವಿನ ಅನಂತರ ಬಾಳನ್ನು ಮತ್ತೆ ಕಟ್ಟಿಕೊಳ್ಳುವುದು ಹೇಗೆ?

ಸಂಸಾರವನ್ನು ನಮ್ಮ ಹಿರಿಯರು ಜೋಡೆತ್ತಿನ ಬಂಡಿಗೆ ಹೋಲಿಸಿದ್ದಾರೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಾಗಲಿ, ಮುಳಬಾಗಿಲಿನ ರಾಗಿಯ ಹೊಲಗಳಲ್ಲಾಗಲಿ, ಮಾಲೂರಿನ ಇಟ್ಟಿಗೆಯ ಗೂಡುಗಳಲ್ಲಾಗಲಿ, ಕೋಲಾರದ ಟೊಮೇಟೊ ಮಂಡಿಯಲ್ಲಾಗಲಿ ಗಂಡಹೆಂಡಿರಿಬ್ಬರೂ ದುಡಿದರೆ ಮಾತ್ರ ಮನೆಯ ಒಲೆ ಉರಿಯುತ್ತದೆ. ಇಂತಹ ಮನೆಯಲ್ಲಿ ಒಬ್ಬರಿಗೆ ಇದ್ದಕ್ಕಿದ್ದಂತೆ ಒಂದು ಪಕ್ಕದ ಕೈಕಾಲು ಬಿದ್ದುಹೋದರೆ, ಇನ್ನೊಬ್ಬರ ಮೇಲೆ ಎರಡು ಭಾರಗಳು ಒಟ್ಟಿಗೆ ಬೀಳುತ್ತವೆ. ದುಡಿಮೆಯೂ ಅವರದೇ, ಶುಶ್ರೂಷೆಯೂ ಅವರದೇ. ಈ ಕಾಯಿಲೆಯನ್ನು ವೈದ್ಯರು ಪಾರ್ಶ್ವವಾಯು ಎನ್ನುತ್ತಾರೆ. ಜನರು ಲಕ್ವವೆನ್ನುತ್ತಾರೆ. ನಮ್ಮ ಗಡಿಸೀಮೆಯಲ್ಲಿ ತೆಲುಗು ಮಾತನಾಡುವವರು ಪಕ್ಷವಾತವೆನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಇದು ಬಂದಾಗ ಮಾಡಬೇಕಾದುದೇನು, ಬಂದ ಅನಂತರ ಬಾಳನ್ನು ಹೇಗೆ ಮುಂದುವರಿಸಬೇಕು ಎಂಬುದನ್ನು ದಂಪತಿಗಳಿಬ್ಬರೂ ಅರಿತಿರುವುದು ಅತ್ಯಗತ್ಯ.

ಪಾರ್ಶ್ವವಾಯು ಎಂದರೇನು?

ಲಕ್ವವು ಗಾಳಿ ತಗಲಿ ಬರುವ ರೋಗವಲ್ಲ. ಯಾರ ಶಾಪದ ಫಲವೂ ಅಲ್ಲ. ಇದು ಮೆದುಳಿನ ರಕ್ತನಾಳದ ಕಾಯಿಲೆ. ತೋಟದ ಕಾಲುವೆಯಲ್ಲಿ ಹೂಳು ಕಟ್ಟಿದರೆ ಮುಂದಿನ ಪಾತಿಯ ಗಿಡಗಳಿಗೆ ನೀರು ಹರಿಯದೆ ಬಾಡುವಂತೆ, ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಮೆದುಳಿನ ಆ ಭಾಗವು ರಕ್ತವಿಲ್ಲದೆ ಸಾಯತೊಡಗುತ್ತದೆ. ಹೆಚ್ಚಿನವರಿಗೆ ಬರುವುದು ಈ ಬಗೆಯದು. ಕೆಲವರಲ್ಲಿ ಕಾಲುವೆಯ ದಂಡೆ ಒಡೆದಂತೆ ರಕ್ತನಾಳವೇ ಒಡೆದು ಮೆದುಳಿನೊಳಗೆ ರಕ್ತಸ್ರಾವವಾಗುತ್ತದೆ. ಮೆದುಳಿನ ಎಡಭಾಗವು ದೇಹದ ಬಲಭಾಗವನ್ನೂ ಬಲಭಾಗವು ಎಡಭಾಗವನ್ನೂ ಆಳುವುದರಿಂದ, ಪೆಟ್ಟು ಒಂದು ಕಡೆ ಬಿದ್ದರೆ ಕೈಕಾಲು ಸೋಲುವುದು ಇನ್ನೊಂದು ಕಡೆ.

ಕಾಯಿಲೆ ಇರುವುದು ಕೈಯಲ್ಲಿಯೂ ಅಲ್ಲ, ಕಾಲಿನಲ್ಲಿಯೂ ಅಲ್ಲ, ಮೆದುಳಿನಲ್ಲಿ. ಆದುದರಿಂದ ಕೈಕಾಲಿಗೆ ಎಣ್ಣೆ ನೀವುವುದರಿಂದಲಾಗಲಿ, ಪಾರಿವಾಳದ ರಕ್ತವನ್ನು ಬಳಿಯುವುದರಿಂದಲಾಗಲಿ ಹೆಪ್ಪು ಕರಗುವುದಿಲ್ಲ.

ಮೊದಲ ಗಂಟೆಗಳ ಬೆಲೆ

ಮುಖವು ಒಂದು ಕಡೆಗೆ ಸೊಟ್ಟಗಾಗುವುದು, ಎರಡು ಕೈಗಳನ್ನೂ ಎತ್ತಿ ಹಿಡಿಯಲು ಹೇಳಿದಾಗ ಒಂದು ಕೈ ಜಾರಿ ಬೀಳುವುದು, ಮಾತು ತೊದಲುವುದು ಅಥವಾ ನಿಂತುಹೋಗುವುದು, ಹಠಾತ್ತನೆ ಕಣ್ಣು ಮಂಜಾಗುವುದು ಅಥವಾ ನಡಿಗೆ ತಪ್ಪುವುದು – ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡಿ, ‘ಲಕ್ವವಿರಬಹುದು’ ಎಂದೇ ತಿಳಿಸಿ. 2008ರಿಂದ ನಮ್ಮ ರಾಜ್ಯದಲ್ಲಿರುವ ಈ ಆಂಬುಲೆನ್ಸ್ ಸೇವೆಗೆ ಹಣ ಕೊಡಬೇಕಾಗಿಲ್ಲ.

ಹೆಪ್ಪು ಕಟ್ಟಿದ ರೋಗಿಗೆ ಅದನ್ನು ಕರಗಿಸುವ ಚುಚ್ಚುಮದ್ದು ಉಂಟು. ಆದರೆ ಸಾಮಾನ್ಯವಾಗಿ ಲಕ್ಷಣಗಳು ಕಾಣಿಸಿಕೊಂಡ ನಾಲ್ಕೂವರೆ ಗಂಟೆಗಳೊಳಗೆ, ಅದೂ ಸಿ.ಟಿ. ಸ್ಕ್ಯಾನ್ ತೆಗೆದು ರಕ್ತಸ್ರಾವವಾಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಕೊಡಬೇಕು. ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡಾಗ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಅಳಿಯುತ್ತವೆಂದು ಲೆಕ್ಕ ಹಾಕಲಾಗಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ಮೂರು ಪಟ್ಟಣಗಳೂ ಕೋಲಾರಕ್ಕೆ ಸುಮಾರು 25ರಿಂದ 30 ಕಿಲೋಮೀಟರುಗಳ ದೂರದಲ್ಲಿವೆ. ದಾರಿಗೆ ಬೇಕಾದುದು ಒಂದು ಗಂಟೆಗಿಂತ ಹೆಚ್ಚೇನಲ್ಲ. ಹೊತ್ತು ಕಳೆಯುವುದು ದಾರಿಯಲ್ಲಲ್ಲ. ‘ಸ್ವಲ್ಪ ಮಲಗಿ ಎದ್ದರೆ ಸರಿಹೋಗುತ್ತದೆ’ ಎಂದು ಕಾಯುವುದರಲ್ಲಿ, ನಾಟಿ ಔಷಧಿಗೆಂದು ಗಡಿಯಾಚೆಗೆ ಅಲೆಯುವುದರಲ್ಲಿ.

ರೋಗಿಯು ಕೊನೆಯ ಬಾರಿಗೆ ಸರಿಯಾಗಿದ್ದುದು ಎಷ್ಟು ಹೊತ್ತಿಗೆಂಬುದನ್ನು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿ. ಗಡಿಯಾರ ನೋಡಿರದಿದ್ದರೆ ‘ಡೇರಿಗೆ ಹಾಲು ಹಾಕಿ ಬಂದಾಗ ಚೆನ್ನಾಗಿದ್ದರು’ ಎಂದರೂ ಸಾಕು. ದಾರಿಯಲ್ಲಿ ನೀರು, ಕಾಫಿ, ಗುಳಿಗೆ ಯಾವುದನ್ನೂ ಬಾಯಿಗೆ ಹಾಕಕೂಡದು. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಎಚ್ಚರ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಿ. ಲಕ್ಷಣಗಳು ಕೆಲವೇ ನಿಮಿಷಗಳಲ್ಲಿ ಮಾಯವಾದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ. ಅದು ಮುಂದೆ ಬರಲಿರುವ ದೊಡ್ಡ ಪೆಟ್ಟಿನ ಮುನ್ಸೂಚನೆಯಾಗಿರಬಹುದು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಪ್ರಾಣ ಉಳಿಯಿತೆಂದ ಮಾತ್ರಕ್ಕೆ ಚಿಕಿತ್ಸೆ ಮುಗಿಯಲಿಲ್ಲ. ಅದರ ಎರಡನೆಯ ಅರ್ಧವು ಮನೆಯಲ್ಲಿ ಆರಂಭವಾಗುತ್ತದೆ.

ತಾವಾಗಿ ಮಗ್ಗುಲು ಬದಲಿಸಲಾಗದವರನ್ನು ಎರಡು ಗಂಟೆಗಳಿಗೊಮ್ಮೆ ಹೊರಳಿಸಿ ಮಲಗಿಸಬೇಕು. ಇಲ್ಲವಾದರೆ ಸೊಂಟ, ಹಿಮ್ಮಡಿಗಳ ಮೇಲೆ ಹುಣ್ಣುಗಳಾಗುತ್ತವೆ. ಸೋತ ತೋಳಿನ ಕೆಳಗೆ ದಿಂಬನ್ನಿಡಿ. ರೋಗಿಯನ್ನು ಎಬ್ಬಿಸುವಾಗ ಸೋತ ಕೈಯನ್ನು ಹಿಡಿದು ಎಳೆಯುವುದು ಸುತರಾಂ ಸಲ್ಲದು. ಸಡಿಲವಾದ ಭುಜದ ಕೀಲು ಜಾರಿ, ತಿಂಗಳುಗಟ್ಟಲೆ ನೋವು ಉಳಿಯುತ್ತದೆ.

ನುಂಗುವ ಶಕ್ತಿಯನ್ನು ವೈದ್ಯರು ಪರೀಕ್ಷಿಸಿದ ಮೇಲೆಯೇ ಬಾಯಿಯ ಮೂಲಕ ಆಹಾರ ಕೊಡಬೇಕು. ನೆಟ್ಟಗೆ ಕುಳ್ಳಿರಿಸಿ, ಚಿಕ್ಕ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಉಣಿಸಿ. ಅನೇಕರಿಗೆ ತೆಳ್ಳಗಿನ ನೀರಿಗಿಂತ ಗಟ್ಟಿಯಾದ ರಾಗಿಯ ಅಂಬಲಿಯನ್ನು ನುಂಗುವುದು ಸುಲಭ. ಮುದ್ದೆಯನ್ನು ಇಡಿಯಾಗಿ ನುಂಗುವ ರೂಢಿಯುಳ್ಳವರು ವೈದ್ಯರು ಒಪ್ಪುವವರೆಗೂ ಅದನ್ನು ಬಿಡಬೇಕು. ಊಟವಾದ ಅರ್ಧ ಗಂಟೆಯವರೆಗೆ ಮಲಗಿಸಬಾರದು. ಊಟದ ನಡುವೆ ಕೆಮ್ಮು ಬಂದರೆ, ದನಿ ಗೊರಗೊರವೆಂದರೆ ಉಣಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ದಿನದ ಕೆಲಸವೇ ವ್ಯಾಯಾಮ

ಸತ್ತ ನರಕೋಶಗಳು ಮರಳಿ ಹುಟ್ಟುವುದಿಲ್ಲವೆಂಬುದು ನಿಜ. ಆದರೆ ಉಳಿದ ಭಾಗಗಳು ಆ ಕೆಲಸವನ್ನು ಕಲಿಯಬಲ್ಲವು. ಕಲಿಸುವ ದಾರಿ ಒಂದೇ, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ಮೊದಲ ಮೂರು ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ; ಅನಂತರ ನಿಧಾನವಾದರೂ ಬಹುಕಾಲ ಮುಂದುವರಿಯುತ್ತದೆ. ‘ಆರು ತಿಂಗಳು ಕಳೆಯಿತು, ಇನ್ನು ಪ್ರಯೋಜನವಿಲ್ಲ’ ಎಂದು ಕೈಬಿಡುವುದು ತಪ್ಪು. ಭೌತಚಿಕಿತ್ಸಕರು ಹೇಳಿಕೊಟ್ಟ ವ್ಯಾಯಾಮಗಳನ್ನು ಪ್ರತಿದಿನವೂ ಹೊತ್ತು ಗೊತ್ತುಮಾಡಿಕೊಂಡು ಮಾಡಿಸಿ.

ದಿನಚರಿಯಲ್ಲಿ ಕೆಲವು ಸುಲಭ ಉಪಾಯಗಳಿವೆ. ಅಂಗಿ ಅಥವಾ ರವಿಕೆ ತೊಡುವಾಗ ಸೋತ ಕೈಯನ್ನು ಮೊದಲು ತೂರಿಸಿ. ಕಳಚುವಾಗ ಅದನ್ನು ಕೊನೆಗೆ ಬಿಡಿಸಿ. ನಡೆಯುವಾಗ ಆಸರೆಯಾಗುವವರು ಸೋತ ಪಕ್ಕದಲ್ಲಿ ನಿಲ್ಲಬೇಕು. ಊರುಗೋಲು ಗಟ್ಟಿಯಾದ ಕೈಯಲ್ಲಿರಬೇಕು. ಚಾಪೆಯಿಂದ ಏಳುವುದಕ್ಕಿಂತ ಮಂಚದಿಂದ ಏಳುವುದು ಸುಲಭ. ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಲಾಗದವರಿಗೆ, ನಡುವೆ ತೂತು ಮಾಡಿದ ಗಟ್ಟಿಯಾದ ಕುರ್ಚಿಯನ್ನು ಶೌಚಾಲಯದಲ್ಲಿ ಇರಿಸಬಹುದು. ಬಚ್ಚಲಿನ ಪಾಚಿಯನ್ನು ಉಜ್ಜಿ ತೆಗೆದು, ಗೋಡೆಗೆ ಹಿಡಿಕೆಯೊಂದನ್ನು ಹಾಕಿಸಿ. ಸೋತ ಪಕ್ಕದಲ್ಲಿ ಸ್ಪರ್ಶಜ್ಞಾನ ಕಡಿಮೆಯಿರಬಹುದಾದುದರಿಂದ ಸ್ನಾನದ ನೀರಿನ ಬಿಸಿಯನ್ನು ಇನ್ನೊಬ್ಬರು ಪರೀಕ್ಷಿಸಬೇಕು.

ರೋಗಿಯ ಎಲ್ಲ ಕೆಲಸಗಳನ್ನೂ ನೀವೇ ಮಾಡಿಬಿಡುವುದು ಪ್ರೀತಿಯಂತೆ ತೋರಿದರೂ ಅದರಿಂದ ಹಾನಿಯುಂಟು. ಒಂದು ತುತ್ತನ್ನು ತಾವೇ ಎತ್ತಿ ಉಣ್ಣಲು ಹತ್ತು ನಿಮಿಷ ಹಿಡಿದರೆ ಹಿಡಿಯಲಿ. ಅವರೆಕಾಯಿ ಸುಲಿಯುವುದು, ಟೊಮೇಟೊ ವಿಂಗಡಿಸುವುದು, ಡೇರಿಯ ಹಾಲಿನ ಲೆಕ್ಕ ನೋಡುವುದು, ಮಕ್ಕಳ ಓದು ವಿಚಾರಿಸುವುದು ಇಂತಹ ಕೆಲಸಗಳನ್ನು ಅವರಿಗೆ ಒಪ್ಪಿಸಿ. ತಾನು ಮನೆಗೆ ಬೇಕಾದವನು, ಬೇಕಾದವಳು ಎಂಬ ಭಾವನೆಯು ನಾಳೆ ವ್ಯಾಯಾಮ ಮಾಡುವ ಉತ್ಸಾಹವನ್ನು ಕೊಡುತ್ತದೆ. ಆದರೆ ಬಾವಿಯ ದಂಡೆ, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರು, ಬೈಕುಗಳಿಂದ ವೈದ್ಯರು ಒಪ್ಪುವವರೆಗೆ ದೂರವಿರತಕ್ಕದ್ದು.

ಮಾತು ಮತ್ತು ಮನಸ್ಸು

ಮಾತು ನಿಂತವರಿಗೆ ಬುದ್ಧಿಯೂ ನಿಂತಿದೆಯೆಂದು ತಿಳಿಯಬೇಡಿ. ಅನೇಕರಿಗೆ ಎಲ್ಲವೂ ಅರ್ಥವಾಗುತ್ತಿರುತ್ತದೆ. ಪದ ಮಾತ್ರ ಬಾಯಿಗೆ ಬಾರದು. ಅವರೆದುರಿಗೆ ಕುಳಿತು, ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತನಾಡಿ. ‘ಹೌದು’, ‘ಅಲ್ಲ’ ಎಂದು ತಲೆಯಾಡಿಸಿದರೆ ಸಾಕಾಗುವಂತಹ ಪ್ರಶ್ನೆಗಳನ್ನು ಕೇಳಿ. ನಮ್ಮ ಕಡೆ ಒಂದೇ ಮನೆಯಲ್ಲಿ ಕನ್ನಡವೂ ತೆಲುಗೂ ಕೆಲವೆಡೆ ಉರ್ದುವೂ ಬಳಕೆಯಲ್ಲಿವೆ. ಕೆಲವರಿಗೆ ಒಂದು ಭಾಷೆ ಮೊದಲು ಮರಳಿ, ಇನ್ನೊಂದು ತಡವಾಗಿ ಬರುವುದುಂಟು. ಯಾವುದು ಬಂದರೂ ಅದರಲ್ಲಿಯೇ ಮಾತು ಬೆಳೆಸಿ.

ಲಕ್ವವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮುಂದೆ ಖಿನ್ನತೆ ಉಂಟಾಗುತ್ತದೆ. ಕಾರಣವಿಲ್ಲದೆ ಅಳುವುದು, ಊಟ ಬೇಡವೆನ್ನುವುದು, ‘ನಾನು ಇದ್ದೇನು ಫಲ’ ಎನ್ನುವುದು ಸೋಮಾರಿತನವೂ ಅಲ್ಲ, ಹಟವೂ ಅಲ್ಲ. ಇದು ಕಾಯಿಲೆಯ ಭಾಗ, ಇದಕ್ಕೆ ಚಿಕಿತ್ಸೆಯುಂಟು. ಹಾಗೆಯೇ ಶುಶ್ರೂಷೆ ಮಾಡುವವರ ಮನಸ್ಸೂ ದಣಿಯುತ್ತದೆ. ಈ ಭಾರವು ಬಹುತೇಕ ಮನೆಗಳಲ್ಲಿ ಹೆಂಗಸರ ಪಾಲಿಗೆ ಬೀಳುತ್ತದೆ. ಅತ್ತೆ, ನಾದಿನಿ, ಮೈದುನ, ಬೆಳೆದ ಮಕ್ಕಳು ಸರದಿಯಂತೆ ಕೈಜೋಡಿಸಬೇಕು. ಹೆಂಡತಿಗೆ ಲಕ್ವವಾದಾಗ ಗಂಡನು ಅವಳಿಗೆ ಉಣಿಸಿ ಮೀಯಿಸುವುದು ನಾಚಿಕೆಯ ವಿಷಯವಲ್ಲ. ಅಂಥವಳನ್ನು ತವರಿಗೆ ಕಳುಹಿಸಿ ಕೈತೊಳೆದುಕೊಳ್ಳುವುದೇ ನಾಚಿಕೆಗೇಡು.

ದಾಂಪತ್ಯ ಮತ್ತು ಕುಟುಂಬ ಯೋಜನೆ

ಕೇಳಲು ಸಂಕೋಚಪಡುವ ವಿಷಯವೊಂದಿದೆ. ಲಕ್ವದ ಅನಂತರ ದಂಪತಿಗಳು ಕೂಡಿ ಬಾಳಬಹುದೇ? ರೋಗಿಯ ಸ್ಥಿತಿ ಸ್ಥಿಮಿತಕ್ಕೆ ಬಂದು, ರಕ್ತದೊತ್ತಡ ಹತೋಟಿಯಲ್ಲಿದ್ದರೆ, ವೈದ್ಯರ ಸಲಹೆ ಪಡೆದು ಸಾಮಾನ್ಯ ದಾಂಪತ್ಯ ಜೀವನ ನಡೆಸಬಹುದು. ಅದರಿಂದ ಮತ್ತೆ ಲಕ್ವ ಬರುವುದೆಂಬ ಭಯದಿಂದ ದೂರವಾಗಬೇಕಾಗಿಲ್ಲ.

ಆದರೆ ಗರ್ಭನಿರೋಧಕ್ಕೆ ಯಾವ ವಿಧಾನವೆಂಬುದನ್ನು ಎಚ್ಚರಿಕೆಯಿಂದ ಆರಿಸಬೇಕು. ಲಕ್ವವಾದ ಸ್ತ್ರೀಯು ಮಾಲಾ-ಎನ್‌ನಂತಹ, ಈಸ್ಟ್ರೊಜೆನ್ ಸೇರಿರುವ ಗುಳಿಗೆಗಳನ್ನು ಸೇವಿಸಕೂಡದು. ಅವು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತವೆ. ಅಧಿಕ ರಕ್ತದೊತ್ತಡವುಳ್ಳ ಸ್ತ್ರೀಯರಿಗೂ ಅವು ತಕ್ಕವಲ್ಲ. ಆದುದರಿಂದ ಗುಳಿಗೆ ಆರಂಭಿಸುವ ಮೊದಲು ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿ. ಇಂಥವರು ಕಾಪರ್-ಟಿ ಹಾಕಿಸಿಕೊಳ್ಳಬಹುದು. ಗಂಡನು ನಿರೋಧ್ ಬಳಸಬಹುದು. ಮಕ್ಕಳು ಸಾಕೆಂದು ನಿರ್ಧರಿಸಿದ್ದು, ಹೆಂಡತಿಯು ಲಕ್ವದಿಂದ ಚೇತರಿಸಿಕೊಳ್ಳುತ್ತಿದ್ದರೆ, ಆರೋಗ್ಯವಂತನಾದ ಗಂಡನೇ ಶಸ್ತ್ರಚಿಕಿತ್ಸೆಗೆ ಮುಂದಾಗುವುದು ಸರಿ. ಗಂಡಸರ ಶಸ್ತ್ರಚಿಕಿತ್ಸೆ ಚಿಕ್ಕದು. ಅದರಿಂದ ಪುರುಷತ್ವಕ್ಕಾಗಲಿ ದುಡಿಯುವ ಶಕ್ತಿಗಾಗಲಿ ಕುಂದಿಲ್ಲ. ಇನ್ನೂ ಮಗು ಬೇಕೆನ್ನುವವರು ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಾಣಬೇಕು. ರಕ್ತದೊತ್ತಡದ ಕೆಲವು ಔಷಧಿಗಳು ಗರ್ಭಸ್ಥ ಶಿಶುವಿಗೆ ಹಾನಿಕರ. ಬಸುರಿಗಾಗಲಿ ಬಾಣಂತಿಗಾಗಲಿ ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಕೈಕಾಲು ಸೋಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.

ಮತ್ತೆ ಬಾರದಂತೆ

ಒಮ್ಮೆ ಲಕ್ವವಾದವರಿಗೆ ಮತ್ತೊಮ್ಮೆ ಆಗುವ ಸಂಭವ ಹೆಚ್ಚು. ಇದಕ್ಕೆ ಮುಖ್ಯ ಕಾರಣ ಅಧಿಕ ರಕ್ತದೊತ್ತಡ. ಇದು ನೋವಿಲ್ಲದ ಕಾಯಿಲೆ. ಎಷ್ಟೋ ಮಂದಿ ‘ತಲೆ ಸುತ್ತುತ್ತಿಲ್ಲ, ಚೆನ್ನಾಗಿದ್ದೇನೆ’ ಎಂದು ಗುಳಿಗೆ ಬಿಟ್ಟುಬಿಡುತ್ತಾರೆ. ಚೆನ್ನಾಗಿರುವುದು ಗುಳಿಗೆಯ ಫಲವೆಂಬುದನ್ನು ಮರೆಯಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು, ಹೆಪ್ಪುತಡೆ ಇವುಗಳಿಗಾಗಿ ವೈದ್ಯರು ಬರೆದುಕೊಟ್ಟ ಔಷಧಿಗಳನ್ನು ಅವರ ಅಪ್ಪಣೆಯಿಲ್ಲದೆ ಒಂದು ದಿನವೂ ನಿಲ್ಲಿಸಬೇಡಿ. ಬೀಡಿ, ಸಿಗರೇಟು, ಹೊಗೆಸೊಪ್ಪು, ಹೆಂಡ ಬಿಡತಕ್ಕದ್ದು. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗೆ, ಎಂದರೆ ಒಂದು ಟೀ ಚಮಚಕ್ಕೆ, ಮೀರದಿರಲಿ. ಉಪ್ಪಿನಕಾಯಿ, ಹಪ್ಪಳಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಸೊಪ್ಪು, ತರಕಾರಿ, ಕಾಳುಗಳ ಬಸ್ಸಾರು ಒಳ್ಳೆಯ ಆಹಾರ. ಉಪ್ಪು ಮಾತ್ರ ಹಿತವಾಗಿರಲಿ.

ನೆರವು ಎಲ್ಲಿ ದೊರೆಯುತ್ತದೆ?

ನಿಮ್ಹಾನ್ಸ್ ಸಂಸ್ಥೆಯ ಸಹಯೋಗದಲ್ಲಿ ಸರ್ಕಾರವು 2022ರಲ್ಲಿ ಮೆದುಳಿನ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ, ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಮೂವತ್ತು ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮನೆಬಾಗಿಲಿನಲ್ಲಿಯೇ ಪರೀಕ್ಷಿಸುವ ಗೃಹ ಆರೋಗ್ಯ ಯೋಜನೆಯೂ 2024ರ ಅಕ್ಟೋಬರಿನಲ್ಲಿ ಮೊದಲು ಆರಂಭವಾದುದು ನಮ್ಮ ಜಿಲ್ಲೆಯಲ್ಲಿಯೇ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ‘ನಮಗೇನೂ ಇಲ್ಲ’ ಎಂದು ಕಳುಹಿಸದೆ, ದಂಪತಿಗಳಿಬ್ಬರೂ ತೋಳೊಡ್ಡಿ ಪರೀಕ್ಷಿಸಿಕೊಳ್ಳಿ. ಮುಂದಿನ ಸಲಹೆ, ಭೌತಚಿಕಿತ್ಸೆಗಳಿಗೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಆಸ್ಪತ್ರೆಗೆ ಹೋಗುವಾಗ ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಒಯ್ಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವಿಗೆ ಅವು ಬೇಕಾಗುತ್ತವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಉಳಿದವರು ಪ್ರಮಾಣಪತ್ರ ಪಡೆದು ಮಾಸಾಶನಕ್ಕೆ ಅರ್ಜಿ ಸಲ್ಲಿಸಬಹುದು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ದಾರಿ ತೋರುತ್ತಾರೆ.

ಎಲ್ಲರೂ ಮೊದಲಿನಂತೆಯೇ ಆಗುತ್ತಾರೆಂದು ಯಾವ ವೈದ್ಯರೂ ಭರವಸೆ ಕೊಡಲಾರರು. ಕೆಲವರ ಕೈ ಪೂರ್ತಿಯಾಗಿ ತೆರೆಯದೆ ಉಳಿಯಬಹುದು. ಕೆಲವರು ಊರುಗೋಲಿನೊಡನೆಯೇ ನಡೆಯಬೇಕಾಗಬಹುದು. ಆದರೆ ಬೇಗನೆ ಆಸ್ಪತ್ರೆ ಸೇರಿದವರು, ದಿನವೂ ಅಭ್ಯಾಸ ಮಾಡಿದವರು, ಮನೆಯವರ ಆಸರೆ ಪಡೆದವರು ಹೆಚ್ಚು ಚೇತರಿಸಿಕೊಳ್ಳುತ್ತಾರೆ. ಇಂದು ಸಂಜೆ ದಂಪತಿಗಳಿಬ್ಬರೂ ಕುಳಿತು ಈ ಪುಟಗಳನ್ನು ಒಬ್ಬರು ಓದಿ ಇನ್ನೊಬ್ಬರು ಕೇಳಿ. 108 ಎಂಬ ಅಂಕಿಯನ್ನು ಮಕ್ಕಳಿಗೂ ಕಲಿಸಿ. ಈ ವಾರವೇ ಇಬ್ಬರೂ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿ.